ಚಂದಾ ಕಟ್ಟಿದವರ ಎಮ್ಮೆಗೆ ಮಾತ್ರ ಹಾಲು

ಬೈಸಿಕೊಳ್ಳುವುದಕ್ಕೇ ಸಂಬಳ ಕೊಡುವ ಕೆಲಸ ಒಂದಿದೆ, ಅದನ್ನು ನಾನು ಮಾಡುತ್ತೇನೆ. ಹಾಗಾಗಿ ಇಂಥ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಿಲ್ಲ, ಬೆಳಿಗ್ಗೆ ಹೆಡ್‌ಫೋನ್ ಹಾಕಿಕೊಂಡು ಕೂತರೆ ಅವೇ ಬಂದು ಕಿವಿಗೆ ಬೀಳುತ್ತವೆ.

ಪುಣೆಯ ಶಿವಾಜಿನಗರದಲ್ಲಿ ನಮ್ಮ ಆಫೀಸು. ಮೊಬೈಲಿನಲ್ಲಿ ಒಕ್ಕಲುತನ ಮಾಡುವ ಆಟವೊಂದರ ಸಹಾಯವಾಣಿ. ಆಡುವವರಿಗೆ ಒಂದು ಬಾವಿ, ಒಂದಿಷ್ಟು ಕಬ್ಬು, ಒಂದು ಎಮ್ಮೆ. ಮನೆಯಲ್ಲಿ ಒಬ್ಬರು ಚಂದಾ ಕಟ್ಟಿದರೆ ಮನೆಮಂದಿಯೆಲ್ಲ ಆಡಬಹುದಿತ್ತು. ಕಂಪನಿಯವರಿಗೆ ಅದೇನು ಬುದ್ಧಿ ಬಂತೋ, ಒಂದು ದಿನ ನಿಯಮ ಬದಲಾಯಿಸಿದರು: ಇನ್ನು ತಲೆಗೊಂದು ಚಂದಾ. ಕಟ್ಟದವರ ಬಾವಿಯಲ್ಲಿ ನೀರಿಲ್ಲ, ಎಮ್ಮೆ ಹಾಲು ಕೊಡುವುದಿಲ್ಲ. ಇಡೀ ವರ್ಷದ್ದು ಮೊದಲೇ ಕಟ್ಟಿದ ಮನೆಗಳಿಗೂ ಇದೇ ಗತಿ.

ಕನ್ನಡದ ಕರೆಗಳಿಗೆ ಇದ್ದವಳು ನಾನೊಬ್ಬಳೇ. ಜನ ಸಿಟ್ಟಿಗೆದ್ದು ಆಟ ಬಿಡತೊಡಗಿದರು. ನಮ್ಮ ಸಾಹೇಬರು ಮರಾಠಿಯವರು, ಒಳ್ಳೆಯವರೇ. ಅವರು ನನ್ನ ಕುರ್ಚಿಯ ಹತ್ತಿರ ಬಂದು, "ಕನ್ನಡದವರು ಹೀಗೇ ಬಿಟ್ಟು ಹೋದರೆ ತಿಂಗಳ ಕೊನೆಗೆ ಕನ್ನಡ ವಿಭಾಗ ಬಂದ್ ಅಂತ ಮೇಲಿನವರು ಹೇಳಿದ್ದಾರೆ" ಅಂದರು. ಬಂದ್ ಆದರೆ ನನ್ನ ಕೆಲಸವೂ ಬಂದ್. ನನ್ನ ಮರಾಠಿ ತರಕಾರಿ ಚೌಕಾಸಿಗೆ ಸಾಕು, ಸಿಟ್ಟಾದವರನ್ನು ಸಮಾಧಾನ ಮಾಡುವಷ್ಟಿಲ್ಲ. ಅದಕ್ಕೆ ನನಗೆ ವಿಜಯಪುರದ ಕನ್ನಡವೇ ಬೇಕು. ಒಳಗೊಳಗೇ ಭಾಳ ಹೆದರಿದ್ದೆ, ಸುಳ್ಳು ಯಾಕೆ ಹೇಳಲಿ.

ನೀರು ಬಂದ್

ಬಟ್ಟೆ ಅಂಗಡಿಯ ಗುಮಾಸ್ತರೊಬ್ಬರು ತಮ್ಮ ಚಾಳಿನ, ಅಂದರೆ ಸಾಲುಮನೆಗಳ ವಠಾರದ, ಪಡಸಾಲೆಯಲ್ಲಿ ನಿಂತು ಫೋನ್ ಮಾಡಿದರು. ದನಿ ಎಂಥದೆಂದರೆ ಫೋನೇ ಬೇಕಿರಲಿಲ್ಲ.

"ಏನ್ರಿ, ನೀರು ಬಂದ್ ಮಾಡೀರಂತ?"

"ಹೌದ್ರಿ. ನಾಳಿಂದ ತಲಿಗೊಂದು ರೊಕ್ಕ ಕಟ್ಟಿದವರಿಗಷ್ಟ ನೀರು ಬಿಡ್ತಾರ್ರಿ."

"ಅಂದ್ರ ನಾಳಿಂದ ನೀರಿಲ್ಲ? ಸಣ್ಣ ಹುಡುಗರಿಗೂ ರೊಕ್ಕ ಕಟ್ಟಬೇಕ?" ಅವರು ಕೂಗುತ್ತಲೇ ಇದ್ದರು. ಹಿಂದಿನಿಂದ ಬಕೆಟ್ಟುಗಳ ಸದ್ದು ಕೇಳಿಸುತ್ತಿತ್ತು. ಏನೋ ಮನೆಗೆಲಸ ಇರಬೇಕು ಅಂದುಕೊಂಡೆ.

ಮರುದಿನ ಮತ್ತೆ ಅವರದೇ ಫೋನು. ಈ ಸಲ ದನಿ ತಗ್ಗಿತ್ತು. ಅವರ ಕೂಗು ಕೇಳಿ ಚಾಳಿನವರೆಲ್ಲ ಕೊಡ, ಬಕೆಟ್ಟು, ಪಾತೇಲಿ ಹಿಡಿದು ನಳದ ಕಡೆಗೆ ಓಡಿದ್ದರಂತೆ. ಅವರ ಹೆಂಡತಿ ಕುಕ್ಕರನ್ನೂ ಬಿಡದೆ ತುಂಬಿಸಿಟ್ಟಿದ್ದಳಂತೆ. ಸಂಜೆಯಾಗುವುದರೊಳಗೆ ಮಾಳಿಗೆಯ ಮೇಲಿನ ನೀರಿನ ಟಾಕಿ ಬರಿದಾಗಿ ನಳದಲ್ಲಿ ನಿಜವಾಗಿಯೂ ನೀರು ನಿಂತಿತ್ತು. ಬೈಸಿಕೊಳ್ಳಲು ತಯಾರಾಗಿ ಕೂತೆ.

"ನನ್ನದೊಂದು ಬ್ಯಾರೆ ಚಂದಾ ಹಚ್ಚಿಬಿಡ್ರಿ," ಅಂದರು. "ನಳದಾಗಂತೂ ಹೋತು. ಮೊಬೈಲಿನ್ಯಾಗಾದ್ರೂ ನೀರು ಬರ್ಲಿ."

ಹಳೆ ಪಾಸು

ಇಂದಾಪುರದ ಕಡೆಯ ಬಸ್ಸಿನಲ್ಲಿ ಕಂಡಕ್ಟರಾಗಿರುವ ನಮ್ಮ ಕಡೆಯವರೊಬ್ಬರು ಓಡುವ ಬಸ್ಸಿನಿಂದಲೇ ಜಗಳಕ್ಕೆ ಬಂದರು. ಅವರ ಹೆಂಡತಿ ವರ್ಷದ ಚಂದಾ ಕಟ್ಟಿ ಆಟದ ಪಾಸು ತೆಗೆದುಕೊಂಡಿದ್ದಳು, ಇವರು ಅದರಲ್ಲೇ ಆಡುತ್ತಿದ್ದರು, ಈಗ ಆಟ ಇವರನ್ನು ಹೊರಗೆ ಹಾಕಿತ್ತು.

ನಾನು ಕಲಿತ ಪಾಠ ಒಪ್ಪಿಸಿದೆ. "ನಿಯಮ ಬದಲಾಗ್ಯಾವ್ರಿ. ಹಳೆ ಪಾಸು ನಡ್ಯೂದಿಲ್ಲ. ಹೊಸದು ತಗೋಬೇಕು, ಇಲ್ಲಾಂದ್ರ ಆಟದಿಂದ ಇಳೀಬೇಕಾಗ್ತದ. ನನ್ನ ಕೈಯಾಗ ಏನೂ ಇಲ್ರಿ."

ಆ ಕಡೆ ಬಸ್ಸು ಗಡಗಡ ಎನ್ನುತ್ತ ನಿಂತದ್ದು ಕೇಳಿಸಿತು.

"ಅಕ್ಕಾರ, ಈ ಮಾತು ನಾ ದಿನಾ ಮಂದಿಗೆ ಹೇಳ್ತೀನ್ರಿ," ಅಂದರು. "ಹೇಳಿಸಿಕೊಂಡಾಗ ಹಿಂಗಿರ್ತದಂತ ಗೊತ್ತಿದ್ದಿಲ್ಲ." ಆಮೇಲೆ ಯಾರಿಗೋ ಕೂಗಿದ್ದು ಕೇಳಿಸಿತು: "ಏ ಅಜ್ಜಾ, ಇಳೀಬ್ಯಾಡ! ಬಾ, ಕೂಡು! ಆ ಹಳೆ ಪಾಸು ನಡೀತದ!"

ಮನೆಯೊಳಗಿನ ಗಿರಾಕಿ

ನನ್ನ ಅವ್ವನೂ ಈ ಆಟ ಆಡುತ್ತಾಳೆ. ಊಟಕ್ಕೆ ಕೂತಾಗೆಲ್ಲ ಎಮ್ಮೆಯ ಮಾತು ತೆಗೆಯುತ್ತಿದ್ದಳು. ಸಾಕಾಗಿ, "ಆಫೀಸಿನ ಮಾತು ಮನ್ಯಾಗ ಬ್ಯಾಡವ್ವಾ" ಅಂದೆ. ಮರುದಿನ ಸಹಾಯವಾಣಿಗೇ ಫೋನ್ ಮಾಡಿದಳು.

"ಎಮ್ಮಿ ಹಾಲು ಕೊಡವಲ್ದು."

"ಅವ್ವಾ?"

"ಅವ್ವಾ ಅನ್ನೂದು ಮನ್ಯಾಗ. ಇಲ್ಲಿ ನಾ ಗಿರಾಕಿ. ರೀ ಹಚ್ಚಿ ಮಾತಾಡು."

ರೀ ಹಚ್ಚಿ ಮಾತಾಡಿದೆ. ಇಡೀ ನಿಯಮ ಓದಿ ಹೇಳಿದೆ, ಕ್ಷಮೆಯನ್ನೂ ಕೇಳಿದೆ. ಕರೆ ಮುಗಿದ ಮೇಲೆ ನಮಗೆ ಐದರಲ್ಲಿ ಎಷ್ಟು ಚುಕ್ಕಿ ಎಂದು ಗಿರಾಕಿಗಳು ಒತ್ತಬೇಕು. ಅವ್ವ ಒಂದು ಒತ್ತಿದ್ದಳು. ಸಂಜೆ ಮನೆಗೆ ಹೋಗಿ, ಸ್ವಂತ ಮಗಳಿಗೆ ಒಂದೇ ಚುಕ್ಕಿಯಾ ಎಂದು ಕೇಳಿದೆ.

"ಎಮ್ಮಿ ಹಾಲು ಕೊಟ್ಟಿಲ್ಲಲ್ಲ," ಅಂದಳು ರೊಟ್ಟಿ ಬಡಿಯುತ್ತ. "ಮಗಳದಿ ಅಂತ ಒಂದಾದ್ರೂ ಕೊಟ್ಟೀನಿ."

ನವೀಕರಿಸಿ ಅಥವಾ ಬದಲಾಯಿಸಿ

ಬೈಗುಳ ಎಲ್ಲ ಭಾಷೆಗಳಲ್ಲೂ ಬಂದು ಬಿದ್ದ ಮೇಲೆ ಕಂಪನಿ ಬಗ್ಗಿತು. ತಲೆಗೊಂದು ಚಂದಾ ರದ್ದಾಯಿತು. ಚಂದಾದಾರರು ತಿಂಗಳಿಗೋ ವರ್ಷಕ್ಕೋ ಒಂದು ಸಣ್ಣ ಮೊತ್ತ ಕಟ್ಟಿ ತಮ್ಮ ಮನೆಮಂದಿಯನ್ನು ಮತ್ತೆ ಆಟಕ್ಕೆ ಸೇರಿಸಿಕೊಳ್ಳಬಹುದು. ಇದ್ದವರನ್ನು ತೆಗೆದು ಬೇರೆಯವರನ್ನು ಹಾಕುವುದಾದರೆ ಅದು ಉಚಿತ. ಇದನ್ನು ಎಲ್ಲರಿಗೂ ಅವರವರ ಭಾಷೆಯಲ್ಲಿ ತಿಳಿಸಬೇಕಿತ್ತು. ನನ್ನನ್ನೊಂದು ಮಾತು ಕೇಳಿದ್ದರೆ ಆಗುತ್ತಿತ್ತು. ಕೇಳಲಿಲ್ಲ, ಕಂಪ್ಯೂಟರಿನಿಂದ ಅನುವಾದ ಮಾಡಿಸಿ ಕಳಿಸಿಬಿಟ್ಟರು. ಕನ್ನಡದವರ ಫೋನಿಗೆಲ್ಲ ಬಂದ ಸಂದೇಶ ಇದು:

"ನಿಮ್ಮ ಮನೆಯವರ ಅವಧಿ ಮುಗಿದಿದೆ. ನವೀಕರಿಸಿ ಅಥವಾ ಬದಲಾಯಿಸಿ."

ಮನೆಯವರು ಅಂದರೆ ನಮ್ಮ ಹೆಂಗಸರ ಬಾಯಲ್ಲಿ ಗಂಡ ಅಂತ ಕಂಪ್ಯೂಟರಿಗೆ ಯಾರು ಹೇಳಬೇಕು? ಚಂದಾ ಕಟ್ಟುವವರಲ್ಲಿ ಹೆಚ್ಚಿನವರು ಹೆಂಗಸರೇ. ಓದಿದ ಕೂಡಲೇ, ಇದ್ದಬದ್ದವರೂ ಇವತ್ತು ಬಿಟ್ಟು ಹೋಗುತ್ತಾರೆ, ಮುಗೀತು ನನ್ನ ಕಥೆ ಅಂದುಕೊಂಡೆ.

ಮಧ್ಯಾಹ್ನ ಸಾಹೇಬರು ಓಡುತ್ತ ಬಂದರು. "ಕಾಯ್ ಝಾಲ? ಏನಾಯ್ತು? ಬೇರೆ ಭಾಷೆಯವರು ಯಾರೂ ಇನ್ನೂ ದುಡ್ಡು ಬಿಚ್ಚಿಲ್ಲ. ನಿಮ್ಮ ಕನ್ನಡದವರು ಸಾಲುಗಟ್ಟಿ ಕಟ್ಟುತ್ತಿದ್ದಾರೆ! ಬಿಟ್ಟು ಹೋದವರೂ ವಾಪಸು ಬಂದಿದ್ದಾರೆ!"

ನನಗೂ ಅರ್ಥವಾಗಲಿಲ್ಲ. ಆ ಸಂದೇಶಕ್ಕೆ ನಮ್ಮಲ್ಲಿ ಏನರ್ಥ ಬರುತ್ತದೆ ಎಂದು ನನ್ನ ತರಕಾರಿ ಮರಾಠಿಯಲ್ಲೇ ಹೇಳಿದೆ. ಸಾಹೇಬರು ನಕ್ಕು ನಕ್ಕು ಪಕ್ಕದ ಕುರ್ಚಿಯಲ್ಲಿ ಕುಸಿದರು. ಕಣ್ಣು ಒರೆಸಿಕೊಂಡು, "ಅದನ್ನು ತಿದ್ದಬೇಡಿ. ಇನ್ನು ಕನ್ನಡ ವಿಭಾಗ ಯಾರು ಮುಚ್ಚುತ್ತಾರೋ ನೋಡ್ತೀನಿ" ಅಂದರು. ತಿಂಗಳಿಡೀ ಎದೆಯ ಮೇಲೆ ಕೂತಿದ್ದದ್ದು ಇಳಿಯಿತು. ಅಳು ಬರುವಷ್ಟು ಹಗುರಾದೆ.

ಅಷ್ಟರಲ್ಲಿ ಫೋನು ಬಂತು. ಸಾಹೇಬರು ಸ್ಪೀಕರ್ ಹಾಕಿ ಎಂದು ಸನ್ನೆ ಮಾಡಿದರು. ಬಾರಾಮತಿಯಿಂದ ಒಬ್ಬ ಗೃಹಿಣಿ.

"ತಂಗಿ, ನಿಮ್ಮ ಮೆಸೇಜ್ ಬಂದದ. ನವೀಕರಿಸು ಅಂದ್ರ ರೊಕ್ಕ ಕೇಳ್ತದ. ಬದಲಾಯಿಸು ಅನ್ನೂದು ಪುಗಸಟ್ಟೆ ಅದ. ಯಾವ್ದು ಒತ್ಲಿ ಅಂತ ವಿಚಾರ ಮಾಡಾಕತ್ತೀನಿ."

ಹಿಂದಿನಿಂದ ಗಂಡಸಿನ ದನಿ ಹಾರಿ ಬಂತು: "ಏ, ಅದನ್ನ ಮುಟ್ಟಬ್ಯಾಡ! ನವೀಕರಿಸು! ರೊಕ್ಕ ನಾ ಕೊಡ್ತೀನಿ! ಒಮ್ಮೆಲೇ ವರ್ಷದ್ದು ಮಾಡಿಸು!"

ಕನ್ನಡದವರು ಯಾಕೆ ಸಾಲುಗಟ್ಟಿದ್ದಾರೆ, ಕಟ್ಟುತ್ತಿರುವವರು ಯಾರು ಅನ್ನುವುದು ಆಗ ತಿಳಿಯಿತು. ನಗು ಹತ್ತಿಕ್ಕಿಕೊಂಡು ಕೇಳಿದೆ, "ಹಂಗಾದ್ರ ವರ್ಷದ್ದು ಮಾಡ್ಲೇನ್ರಿ ಅಕ್ಕಾರ?"

ಆಕೆ ಗಂಡನಿಗೂ ಕೇಳಿಸುವಂತೆ ದನಿ ಏರಿಸಿದಳು.

"ಬ್ಯಾಡ ತಂಗಿ. ಒಂದು ತಿಂಗಳದ್ದಷ್ಟ ಮಾಡು. ನಡವಳಿಕಿ ನೋಡಿ ಮುಂದಿಂದು ಮಾಡೋಣು."