ಶೀನಣ್ಣನ ಕಟ್ಟಡ ಎಂತದ್ದು?

ಕೃಷ್ಣರಾಜನ ಆ ದಿನದ ಗ್ರಹಚಾರ ಶುರುವಾದದ್ದು ಒಂದು ನೀಲಿ ಗಾಜಿನಿಂದ.

ಉಡುಪಿಯ ವಿಮಾ ಕಚೇರಿಯಲ್ಲಿ ಅವನ ಮ್ಯಾನೇಜರು ಶ್ರೀವಾಣಿ ಮೇಡಂ ಬೆಳಿಗ್ಗೆಯೇ ಕರೆದು ಒಂದು ಫೋಟೋ ಮುಂದಿಟ್ಟರು. ಬೆಳ್ಮಣ್ಣಿನ ಶೀನ ಶೆಟ್ಟರ ಎರಡು ಮಾಳಿಗೆಯ ಅಂಗಡಿ ಕಟ್ಟಡ. ಎದುರಿಗಿಡೀ ನೀಲಿ ಗಾಜು, ನೆತ್ತಿಯ ಮೇಲೆ ಕೆಂಪು ಹೆಂಚು. ಸೂಟು ಹಾಕಿ ತಲೆಗೆ ಅಡಿಕೆ ಹಾಳೆಯ ಮುಟ್ಟಾಳೆ ಇಟ್ಟುಕೊಂಡ ಮದುಮಗನ ಹಾಗೆ ಕಾಣುತ್ತಿತ್ತು.

“ಇದು ಎಂತದರಲ್ಲಿ ಕಟ್ಟಿದ್ದು ಹೇಳಿ ನೋಡುವ.”

“ಗಾಜಿನದ್ದು ಮೇಡಂ.”

“ಗಾಜು ಅಂಗಿ, ಕೃಷ್ಣರಾಜ. ನನಗೆ ಬೇಕಾದದ್ದು ಎಲುಬು. ಬೆಂಕಿ ಬಿದ್ದರೆ ನಿಲ್ಲುವುದು ಅದು ತಾನೆ? ಕಾಂಕ್ರೀಟಾದರೆ ಪಾಲಿಸಿ ಕೊಡುವ. ಮಣ್ಣಿನ ಗೋಡೆ, ಮೇಲೆ ಮರದ ಮಾಡು ಅಂತಾದರೆ ಕಂಪೆನಿ ದೂರದಿಂದಲೇ ಕೈ ಮುಗಿಯುತ್ತದೆ. ಸಂಜೆಯೊಳಗೆ ನೋಡಿ ಹೇಳಿ. ಇದೊಂದು ಸರಿಯಾಗಿ ಮುಗಿಸಿದರೆ ಮಣಿಪಾಲದ ಶಾಖೆಯ ಕುರ್ಚಿ ನಿಮಗೇ.”

ಮಣಿಪಾಲದ ಕುರ್ಚಿ! ತಿರುಗುವ ಕುರ್ಚಿ, ಮೇಲೆ ತಣ್ಣನೆಯ ಗಾಳಿ! ಕೆಲಸಕ್ಕೆ ಸೇರಿದಾಗಿನಿಂದ ಬಸ್ಸಿನ ಹಿಂದಿನ ಸೀಟಿನಲ್ಲಿ ಕುಲುಕಿ ಕುಲುಕಿ, ಕಾಪುವಿನಿಂದ ಕಾರ್ಕಳದವರೆಗಿನ ಪ್ರತಿ ಹೊಂಡವೂ ಅವನ ಸೊಂಟಕ್ಕೆ ಬಾಯಿಪಾಠವಾಗಿತ್ತು. ಟೇಪು, ಸಣ್ಣ ಸುತ್ತಿಗೆ ಚೀಲಕ್ಕೆ ಹಾಕಿಕೊಂಡು ಓಡಿದ.

“ಮಧ್ಯಾಹ್ನ ನಮ್ಮ ಇಂಜಿನಿಯರ್ ಲಿಯೋನೆಲ್ ಸರ್ ಆ ದಾರಿಯಲ್ಲೇ ಬರ್ತಾರೆ. ಅವರೂ ಒಮ್ಮೆ ನೋಡಿ ಹೂಂ ಅಂದರೆ ಆಯಿತು,” ಎಂದು ಮೇಡಂ ಹಿಂದಿನಿಂದ ಕೂಗಿದರು. ಲಿಯೋನೆಲ್ ಸರ್ ಮಂಗಳೂರಿನವರು. ಕೃಷ್ಣರಾಜ ಅವರ ಹೆಸರು ಕೇಳಿದ್ದ, ಮುಖ ನೋಡಿರಲಿಲ್ಲ.

ಬೆಳ್ಮಣ್ಣಿನಲ್ಲಿ ಇಳಿದಾಗ ಶೀನ ಶೆಟ್ಟರು ಊರಲ್ಲಿರಲಿಲ್ಲ. ಕಾರ್ಕಳಕ್ಕೆ ಮದುವೆಗೆ ಹೋಗಿದ್ದರು. ಕೃಷ್ಣರಾಜ ಕಾಯಲಿಲ್ಲ. ಹಲಸಿನ ಕಾಯಿ ಬಲಿತಿದೆಯೋ ಎಂದು ಬಡಿದು ನೋಡುವವರ ಹಾಗೆ ಕಟ್ಟಡದ ಗೋಡೆಗೆ ಕಿವಿ ಇಟ್ಟು ಟಕ್ ಟಕ್ ಎಂದು ಬಡಿಯತೊಡಗಿದ.

ಕೆಳಗಿನ ಹೋಟೆಲಿನ ದೇಜಪ್ಪ ಗೋಳಿಬಜೆಯ ಸೌಟು ಹಿಡಿದುಕೊಂಡೇ ಹೊರಗೆ ಬಂದ.

“ಎಂತ ಮಾರಾಯ್ರೇ, ಗೋಡೆಗೆ ಜ್ವರ ಉಂಟಾ?”

“ಇಲ್ಲ ಇಲ್ಲ. ಕಟ್ಟಡ ಎಂತದರಲ್ಲಿ ಕಟ್ಟಿದ್ದು ಅಂತ ಬರೆದುಕೊಳ್ಳಲಿಕ್ಕೆ ಬಂದದ್ದು.”

ದೇಜಪ್ಪನ ಕೈಯ ಸೌಟು ಗಾಳಿಯಲ್ಲೇ ನಿಂತಿತು. ಪಂಚಾಯತಿಗೆ ಹೊಸ ತೆರಿಗೆಯವರು ವರ್ಗವಾಗಿ ಬಂದಿದ್ದಾರೆ, ಕಟ್ಟಡ ನೋಡುತ್ತ ತಿರುಗುತ್ತಿದ್ದಾರೆ ಎಂದು ಪೇಟೆಯಲ್ಲೆಲ್ಲ ಸುದ್ದಿಯಾಗಿತ್ತು. ಕಾಂಕ್ರೀಟಿಗೆ ಜಾಸ್ತಿ ತೆರಿಗೆ, ಮಣ್ಣಿಗೆ ಕಮ್ಮಿ. ತೆರಿಗೆ ಏರಿದರೆ ಅಂಗಡಿಗಳ ಬಾಡಿಗೆಯೂ ಏರುತ್ತದೆ. ಶೀನಣ್ಣನ ಕಟ್ಟಡ ಪಂಚಾಯತಿಯ ಲೆಕ್ಕದಲ್ಲಿ ಇನ್ನೂ ಅವರ ಅಜ್ಜನ ಕಾಲದ ಮಣ್ಣಿನ ಗೋಡೆಯದ್ದೇ.

ದೇಜಪ್ಪ ಮಾಳಿಗೆಯ ಕಡೆಗೆ ಮುಖ ಎತ್ತಿ ಕೂಗಿದ. “ಝೀಟಾಬಾಯೀ! ಕಟ್ಟಡ ನೋಡಲಿಕ್ಕೆ ಬಂದಿದ್ದಾರೆ!”

ಮೇಲೆ ಟೈಲರ್ ಅಂಗಡಿ ಇಟ್ಟಿದ್ದ ಝೀಟಾಬಾಯಿಗೆ ಅಷ್ಟು ಸಾಕು. ಕುತ್ತಿಗೆಗೆ ಟೇಪು ಹಾಕಿಕೊಂಡು ದಡದಡನೆ ಇಳಿದು ಬಂದರು.

“ಕಟ್ಟಡವಾ ಇದು? ದೇವರೇ ಹಿಡಿದು ನಿಲ್ಲಿಸಿದ್ದು ಸರ್! ಬಸ್ಸು ಹಾರ್ನ್ ಹಾಕಿದರೆ ನನ್ನ ಬ್ಲೌಸಿನ ಬಟ್ಟೆಗೆಲ್ಲ ಮಣ್ಣು ಉದುರ್ತದೆ.”

“ಮಣ್ಣಾ?” ಕೃಷ್ಣರಾಜ ಸುತ್ತಿಗೆ ಕೆಳಗಿಳಿಸಿದ.

“ಅಪ್ಪಟ ಮಣ್ಣು!” ಎಂದ ದೇಜಪ್ಪ. “ನಾನು ಇಲ್ಲಿ ಹಿಟ್ಟು ರುಬ್ಬುವುದು ಸಹ ಮೆಲ್ಲ. ಜೋರು ರುಬ್ಬಿದರೆ ಮಾಡೇ ಕೆಳಗೆ ಬರ್ತದೆ.”

ಗಟ್ಟಿಯಾಗಿ ಸೀನಬೇಡಿ ಎಂದು ಎದುರಿನ ಹಣ್ಣಿನ ಅಂಗಡಿಯವನೂ ರಸ್ತೆ ದಾಟಿ ಬಂದು ಎಚ್ಚರಿಕೆ ಕೊಟ್ಟು ಹೋದ. ತಿರುಗುವ ಕುರ್ಚಿ ಗಿರ್ರನೆ ತಿರುಗಿ ದೂರ ಹೋಗುವುದು ಕೃಷ್ಣರಾಜನ ಕಣ್ಣಿಗೆ ಕಂಡಿತು.

ಅಷ್ಟರಲ್ಲಿ ಸ್ಕೂಟರಿನಲ್ಲಿ ಶೀನ ಶೆಟ್ಟರು ಬಂದಿಳಿದರು. ಹಿಂದೆ ಜರಿಸೀರೆಯ ಗುಣವತಿಯಕ್ಕ. ಪಡುಬಿದ್ರಿಯಲ್ಲಿ ಯಾರದೋ ಅಂಗಡಿಗೆ ಬೆಂಕಿ ಬಿದ್ದದ್ದನ್ನು ಕಣ್ಣಾರೆ ನೋಡಿ ಬಂದ ಮೇಲೆ ಆಕೆಗೆ ನಿದ್ದೆ ಇರಲಿಲ್ಲ. ‘ನಮ್ಮದಕ್ಕೂ ವಿಮೆ ಮಾಡಿಸಿ, ಇಲ್ಲದಿದ್ದರೆ ನಾನು ತವರಿಗೆ ಹೋಗ್ತೇನೆ’ ಎಂದು ಗಂಡನ ಬೆನ್ನು ಹತ್ತಿದ್ದೂ ಆಕೆಯೇ.

“ಓ, ಇನ್ಶೂರೆನ್ಸಿನವರು ಬಂದ್ರಾ!” ಎಂದರು ಶೆಟ್ಟರು.

ದೇಜಪ್ಪ ಝೀಟಾಬಾಯಿಯ ಮುಖ ನೋಡಿದ. ಝೀಟಾಬಾಯಿ ಗೋಡೆಯ ಮುಖ ನೋಡಿದರು. ಸಂಗತಿ ತಿಳಿದ ಶೆಟ್ಟರು ಹಣೆ ಹಣೆ ಬಡಿದುಕೊಂಡರು.

“ನಿಮ್ಮ ಮಂಡೆ ಸಮ ಉಂಟಾ? ಬಹ್ರೇನಿನಲ್ಲಿ ಬೆವರು ಸುರಿಸಿ ಕಟ್ಟಿದ ಕಟ್ಟಡ! ಮಣ್ಣು ಅಂತೆ ಮಣ್ಣು!”

“ಅದೇ ಸರ್, ನಾನು ಹೇಳಿದ್ದು ಹಳೇ ಕಟ್ಟಡದ ವಿಷಯ,” ಎಂದ ದೇಜಪ್ಪ ನಾಚಿಕೆಯಿಲ್ಲದೆ. “ಇದು ಕೋಟೆ ಅಲ್ವಾ! ಆನೆ ಬಂದು ಗುದ್ದಿದರೆ ಆನೆಗೇ ಬ್ಯಾಂಡೇಜು.”

“ಹಾರ್ನ್ ಬಿಡಿ, ಬಸ್ಸೇ ಬಂದು ತಾಗಿದರೂ ನನ್ನ ಸೂಜಿ ಅಲುಗುವುದಿಲ್ಲ,” ಎಂದರು ಝೀಟಾಬಾಯಿ.

ಕೃಷ್ಣರಾಜ ಕೈ ಮುಗಿದ. “ಇನ್ನು ನಾನು ಯಾರ ಮಾತೂ ಕೇಳುವುದಿಲ್ಲ. ಸ್ವತಃ ನೋಡ್ತೇನೆ.”

ಝೀಟಾಬಾಯಿಯ ಅಂಗಡಿಯಲ್ಲಿ ಫಾಲ್ಸ್ ಸೀಲಿಂಗ್ ಇತ್ತು. ಕಟ್ಟಡದ ಎಲುಬು ಅದರ ಮೇಲೆ ಅಡಗಿತ್ತು. ಹೊಲಿಗೆ ಮೇಜಿನ ಮೇಲೆ ಸ್ಟೂಲು, ಸ್ಟೂಲಿನ ಮೇಲೆ ಕೃಷ್ಣರಾಜ. ಸ್ಟೂಲನ್ನು ದೇಜಪ್ಪ ಹಿಡಿದುಕೊಂಡ, ದೇಜಪ್ಪನನ್ನು ಶೆಟ್ಟರು ಹಿಡಿದುಕೊಂಡರು. ಒಂದು ಹಲಗೆ ಸರಿಸಲು ಹೋಗಿ ಕೃಷ್ಣರಾಜ ಅದಕ್ಕೇ ಜೋತುಬಿದ್ದ. ಹಲಗೆ ಎರಡು ತುಂಡಾಗಿ, ಅದೆಷ್ಟೋ ವರ್ಷದ ಧೂಳಿನ ಸಮೇತ ಅವನ ತಲೆಯ ಮೇಲೆ ಬಿತ್ತು. ಅಳತೆ ಕೊಡಲು ಬಂದಿದ್ದ ಇಬ್ಬರು ಹೆಂಗಸರು ಚೀರಿಕೊಂಡು ಹೊರಗೆ ಓಡಿದರು. ಕೋಸಂಬರಿಗೆ ತೆಂಗಿನ ತುರಿ ಉದುರಿಸಿದ ಹಾಗೆ ಬೆಳ್ಳಗಾಗಿದ್ದ ಕೃಷ್ಣರಾಜ ಮಾತ್ರ ತೂತಿನೊಳಗೆ ತಲೆ ತೂರಿಸಿ ಟಾರ್ಚ್ ಬಿಟ್ಟ. ಸುತ್ತಿಗೆಯಿಂದ ಬಡಿದ.

ಟಣ್!

ಹೆಂಚಿನ ಕೆಳಗೆ ಇದ್ದದ್ದು ಮರವಲ್ಲ. ಗಟ್ಟಿ ಕಾಂಕ್ರೀಟಿನ ಚಪ್ಪಡಿ! ಮಳೆ ನೀರು ಸೋರದಿರಲೆಂದು ಅದರ ಮೇಲೆ ಹೆಂಚು ಹೊದಿಸಿದ್ದರು, ಅಷ್ಟೆ. ಗಾಜಿನ ಹಿಂದೆ ಇಣುಕಿದರೆ ಅಲ್ಲಿಯೂ ಕಾಂಕ್ರೀಟಿನ ಕಂಬ.

“ಕಾಂಕ್ರೀಟ್! ನೆಲದಿಂದ ನೆತ್ತಿಯವರೆಗೆ ಕಾಂಕ್ರೀಟ್!” ಎಂದು ತೂತಿನೊಳಗಿಂದ ಆಕಾಶವಾಣಿಯಾಯಿತು. ಕೆಳಗೆ ಚಪ್ಪಾಳೆ. ಗುಣವತಿಯಕ್ಕ ಅಲ್ಲೇ ನಿಂತು ಕಟೀಲಿನ ದೇವಿಗೆ ಕೈ ಮುಗಿದರು.

ಕೆಳಗಿಳಿದು ಬಂದಾಗ ಹೋಟೆಲಿನ ಮೂಲೆಯಲ್ಲಿ ಕನ್ನಡಕದ ಒಬ್ಬರು, ಮಡಿಲಲ್ಲಿ ಕಪ್ಪು ಚೀಲ ಇಟ್ಟುಕೊಂಡು ಚಹಾ ಕುಡಿಯುತ್ತಿದ್ದರು.

“ನೀವು ಕಟ್ಟಡ ನೋಡಲಿಕ್ಕೆ ಬಂದದ್ದಾ ಸರ್?” ಎಂದು ಕೇಳಿದ ಕೃಷ್ಣರಾಜ.

“ಹೌದು, ಅದಕ್ಕೇ ಬಂದದ್ದು.”

ಲಿಯೋನೆಲ್ ಸರ್ ಇವರೇ ಇರಬೇಕು. ಮತ್ತೇನು ಬೇಕು! ಈ ಸಲ ತಪ್ಪಾಗಬಾರದೆಂದು ಎಲ್ಲರೂ ಒಟ್ಟಿಗೇ ಮುತ್ತಿಕೊಂಡರು. ದೇಜಪ್ಪ ಆನೆಯ ಕತೆ ಹೇಳಿದ, ಝೀಟಾಬಾಯಿ ಬಸ್ಸಿನದ್ದು ಹೇಳಿದರು. ಕೃಷ್ಣರಾಜನಂತೂ ಅವರ ಕೈ ಹಿಡಿದು ಮೇಲೆ ಕರೆದುಕೊಂಡು ಹೋಗಿ ತೂತು ತೋರಿಸಿದ, ಚಪ್ಪಡಿ ಬಡಿದು ಕೇಳಿಸಿದ, ಕಂಬ ಎಣಿಸಿದ. “ಹೆಂಚು ನೋಡಿ ಮೋಸ ಹೋಗಬೇಡಿ ಸರ್! ಮಣ್ಣು ಹುಡುಕಿದರೂ ಸಿಗಲಿಕ್ಕಿಲ್ಲ!”

ಕನ್ನಡಕದವರು ಎಲ್ಲವನ್ನೂ ಬರೆದುಕೊಂಡರು. ಕೊನೆಗೆ ಕಣ್ಣೊರೆಸಿಕೊಂಡು ಹೇಳಿದರು:

“ಎಂಥಾ ಪ್ರಾಮಾಣಿಕ ಊರು ಮಾರಾಯ್ರೇ ಇದು! ಬಜಗೋಳಿ ಕಡೆ ಯಾರನ್ನು ಕೇಳಿದರೂ ಮಣ್ಣಿನ ಗೋಡೆ ಅಂತಿದ್ದರು. ನಾನು ರಘುವೀರ ಅಂತ. ಪಂಚಾಯತಿಗೆ ಹೊಸದಾಗಿ ಬಂದದ್ದು. ತೆರಿಗೆ ನೋಡಿಕೊಳ್ಳುವುದು ಇನ್ನು ನಾನೇ.”

ರಘುವೀರರು ಬಸ್ಸಿಗೆ ಹೊರಟರು. “ಸರ್, ಸರ್, ಒಂದು ಎಳನೀರಾದರೂ ಕುಡಿದು ಹೋಗಿ!” ಎಂದು ಶೆಟ್ಟರೂ ಗುಣವತಿಯಕ್ಕನೂ ಅವರ ಹಿಂದೆ ಓಡಿದರು.

ಕೃಷ್ಣರಾಜ ಬಚ್ಚಲಿಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡ. ಶೆಟ್ಟರ ತೆರಿಗೆ ಅವರ ಹಣೆಬರಹ. ತನ್ನ ಮಟ್ಟಿಗೆ ಕಾಂಕ್ರೀಟು ಕಾಂಕ್ರೀಟೇ, ಮಣಿಪಾಲ ಮಣಿಪಾಲವೇ. ಸಾಬೂನು ಹಚ್ಚುತ್ತ ಸಣ್ಣಗೆ ಶಿಳ್ಳೆಯನ್ನೂ ಹಾಕಿದ.

ತಲೆ ಒರೆಸಿಕೊಂಡು ಹೊರಗೆ ಬಂದರೆ ಹೆಲ್ಮೆಟು ಹಾಕಿದ ಒಬ್ಬರು ಬೈಕಿನಲ್ಲಿ ಉಡುಪಿಯ ಕಡೆ ಹೋಗುತ್ತಿದ್ದರು. ದೇಜಪ್ಪನೂ ಝೀಟಾಬಾಯಿಯೂ ಬಾಗಿಲಲ್ಲಿ ನಿಂತಿದ್ದರು. ಯುದ್ಧ ಗೆದ್ದು ಬಂದವರ ಕಳೆ ಮುಖದಲ್ಲಿತ್ತು.

“ಯಾರದು?”

“ಮತ್ತೊಬ್ಬ! ಅವನಿಗೂ ಕಟ್ಟಡ ಎಂತದರದ್ದು ಅಂತ ಗೊತ್ತಾಗಬೇಕಂತೆ,” ಎಂದ ದೇಜಪ್ಪ. “ಒಮ್ಮೆ ಬಿದ್ದ ಹೊಂಡಕ್ಕೆ ನಾವು ಮತ್ತೆ ಬೀಳ್ತೇವಾ? ಪೂರಾ ಮಣ್ಣು ಅಂದೆವು.”

“ನಂಬಲಿಲ್ಲ,” ಎಂದರು ಝೀಟಾಬಾಯಿ. “ಆಗ ಮೇಲೆ ಕರಕೊಂಡು ಹೋಗಿ ಮುರಿದ ಹಲಗೆ, ನೆಲದ ಧೂಳು ತೋರಿಸಿದೆ. ಈಗ ತಾನೇ ಒಬ್ಬರ ತಲೆ ಮೇಲೆ ಮಾಡು ಬಿತ್ತು, ತೊಳಕೊಳ್ಳಲಿಕ್ಕೆ ಹೋಗಿದ್ದಾರೆ ಅಂದೆ. ಪಾಪ, ಹೆಲ್ಮೆಟ್ ತೆಗೆಯದೆ ಇಳಿದು ಓಡಿ, ಯಾರಿಗೋ ಫೋನು ಮಾಡಿ ಹೊರಟ!”

ಕೃಷ್ಣರಾಜನ ಕಿಸೆಯಲ್ಲಿ ಫೋನು ಕುಣಿಯಿತು. ಶ್ರೀವಾಣಿ ಮೇಡಂ.

“ಕೃಷ್ಣರಾಜ, ಜೀವ ಉಂಟಲ್ಲ? ಲಿಯೋನೆಲ್ ಸರ್ ಎಲ್ಲ ಹೇಳಿದರು. ಆ ಪಾಲಿಸಿ ಬೇಡವೇ ಬೇಡ.”

“ಮೇಡಂ, ಅದು ಕಾಂಕ್ರೀಟು! ನಾನೇ ಬಡಿದು ನೋಡಿದ್ದು!”

“ತಲೆಗೆ ಪೆಟ್ಟಾಗಿದೆ ಅಂತಲೂ ಹೇಳಿದರು. ಮಾತಾಡಬೇಡಿ, ವಿಶ್ರಾಂತಿ ತಗೊಳ್ಳಿ. ಮಣಿಪಾಲಕ್ಕೆ ನಮ್ಮ ಆಫೀಸಿನ ಕಾವ್ಯನನ್ನು ಕಳಿಸಿ ಆಯಿತು. ನಾಳೆ ನೀವು ಕಾಪುವಿಗೆ ಹೋಗಿ. ಅಲ್ಲೊಂದು ಕಟ್ಟಡ ಉಂಟು, ಎದುರಿಗಿಡೀ ನೀಲಿ ಗಾಜು.”

ಕೃಷ್ಣರಾಜ ಹೋಟೆಲಿನ ಬೆಂಚಿನ ಮೇಲೆ ಕುಸಿದು ಕೂತ. ದೇಜಪ್ಪ ಬಿಸಿ ಗೋಳಿಬಜೆಯ ತಟ್ಟೆ ತಂದು ಪ್ರೀತಿಯಿಂದ ಮುಂದಿಟ್ಟ.

“ತಿನ್ನಿ ಸರ್, ಹೆದರಬೇಡಿ. ನೀವು ಬೇಕಾದರೆ ಇಲ್ಲಿ ಧೈರ್ಯವಾಗಿ ಸೀನಬಹುದು.”