ಮೋಟ ನಡೆಯದಿರಲೆಂದು

ಚರ್ಮದ ಚೀಲದಲ್ಲಿ ಇಲಿ ಕೊರೆದ ತೂತನ್ನು ಕಂಡಾಗ ವೈಜಿನಾಥನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ತೂತಿನೊಳಗೆ ಬೆರಳು ತೂರಿಸಿದ. ಸಲೀಸಾಗಿ ಆಚೆ ಬಂತು. ಕೈ ತೂರಿಸಿದ. ಮೊಣಕೈವರೆಗೆ ಹೋಯಿತು. "ಭೇಷ್" ಎಂದು ಕಾಣದ ಇಲಿಯನ್ನು ಮನಸಾರೆ ಹೊಗಳಿದ.

ಬಸವಕಲ್ಯಾಣದಿಂದ ಮಂಠಾಳಕ್ಕೆ ಹೋಗುವ ರಸ್ತೆಯ ಪಕ್ಕದಲ್ಲಿ ಮೋಟದ ಬಾವಿಯ ಸಂಗ್ರಹಾಲಯವಿದೆ. ಅದಕ್ಕೆ ಮೇಲ್ವಿಚಾರಕ ವೈಜಿನಾಥ, ಕಾವಲುಗಾರನೂ ಅವನೇ, ಕಸ ಗುಡಿಸುವವನೂ ಅವನೇ. ಮೋಟವೆಂದರೆ ಪಂಪ್‌ಸೆಟ್ ಬರುವ ಮೊದಲು ಹೊಲಕ್ಕೆ ನೀರೆತ್ತುತ್ತಿದ್ದ ಏರ್ಪಾಡು. ಬಾವಿಯ ಮೇಲೊಂದು ಮರದ ಗಾಲಿ, ಗಾಲಿಯ ಮೇಲೆ ದಪ್ಪ ಹಗ್ಗ, ಹಗ್ಗದ ಒಂದು ತುದಿಗೆ ಆನೆಯ ಸೊಂಡಿಲಿನಂಥ ಬಾಯಿಯುಳ್ಳ ದೊಡ್ಡ ಚೀಲ, ಇನ್ನೊಂದು ತುದಿಗೆ ಎತ್ತಿನ ಜೋಡಿ. ಎತ್ತುಗಳು ಇಳಿಜಾರಿನಲ್ಲಿ ಇಳಿದರೆ ತುಂಬಿದ ಚೀಲ ಮೇಲೆ ಬಂದು ತೊಟ್ಟಿಗೆ ನೀರು ಸುರಿಯುತ್ತದೆ; ಹಿಂದೆ ಸರಿದರೆ ಚೀಲ ಮತ್ತೆ ಬಾವಿಗೆ ಇಳಿಯುತ್ತದೆ. ನೋಡಲು ಬರುವವರು ಕಡಿಮೆ. ಬಂದವರಲ್ಲಿ ಅರ್ಧ ಜನ ಬಾವಿಯ ಕಡೆ ಬೆನ್ನು ಮಾಡಿ ಸೆಲ್ಫಿ ತೆಗೆದುಕೊಳ್ಳುವವರು, ಉಳಿದವರು ನೆರಳು ಹುಡುಕಿಕೊಂಡು ಬಂದವರು.

ವೈಜಿನಾಥನ ಮನೆ ಹುಮನಾಬಾದಿಗೆ ಹೊಂದಿಕೊಂಡ ಮಾಣಿಕನಗರದಲ್ಲಿ. ದಿನಾ ಬಸ್ಸಿನಲ್ಲಿ ಬಂದು ಬಸ್ಸಿನಲ್ಲಿ ಹೋಗಿ ಅವನ ಸೊಂಟ ಲಟಲಟ ಎನ್ನುತ್ತಿತ್ತು. ಇಲಾಖೆಯ ಕಚೇರಿಯೋ ಹುಮನಾಬಾದಿನಲ್ಲಿ, ಅವನ ಮನೆಯಿಂದ ಕೂಗಳತೆಯಲ್ಲಿ. ಅಲ್ಲಿಗೆ ವರ್ಗವಾಗಬೇಕೆಂಬುದೊಂದೇ ಅವನ ಆಸೆ. ಕಚೇರಿಯ ಗುಮಾಸ್ತ ಮೊನ್ನೆ ಗುಟ್ಟಾಗಿ ಹೇಳಿದ್ದ: "ಲತೀಫಾ ಮೇಡಮ್ ತಪಾಸಣಿಗಿ ಬರಾಕತ್ತಾರ. ಮೋಟ ನಡೀತಂದ್ರ ನೀ ಅಲ್ಲೇ. ನಡೀಲಿಲ್ಲಂದ್ರ ಬಾಗಲಕ್ಕ ಕೀಲಿ, ನೀ ಹುಮನಾಬಾದಕ್ಕ."

ಆ ದಿನ ಇವತ್ತೇ. ಚೀಲ ಹರಿದಿತ್ತು. ಪ್ರದರ್ಶನಕ್ಕೆ ಎತ್ತು ಕೊಡುತ್ತಿದ್ದ ಪಂಡರಿ ಅವನ್ನೇ ಬಂಡಿಗೆ ಕಟ್ಟಿಕೊಂಡು ಚಿಟಗುಪ್ಪದ ಬೀಗರ ಮನೆಗೆ ಹೋಗಿದ್ದ. ವೈಜಿನಾಥ ಏನೂ ಮಾಡಬೇಕಿರಲಿಲ್ಲ, ಸುಮ್ಮನೆ ಕೂತರೆ ಸಾಕಿತ್ತು. ಆದರೆ ಮುಖದ ಮೇಲಿನ ಖುಷಿ ಯಾರಿಗೂ ಕಾಣಬಾರದೆಂದು ತಲೆಯ ಮೇಲೆ ಕೈ ಹೊತ್ತು ಕೂತ. ಅದೇ ತಪ್ಪಾಯಿತು.

ರಸ್ತೆಯ ಆಚೆ ಪಂಕ್ಚರ್ ಅಂಗಡಿ ಇಟ್ಟಿದ್ದ ಗುಂಡಪ್ಪ ಓಡಿ ಬಂದ. "ಯಾಕ್ರಿ ಸಾಹೇಬ್ರ, ಹಿಂಗ್ಯಾಕ ಕುಂತೀರಿ?"

"ಏನ್ ಹೇಳ್ಲಿ ಗುಂಡಪ್ಪ. ಮೇಡಮ್ ಬರೂ ದಿವ್ಸಾನೇ ಚೀಲ ಹರದದ. ನನ್ನ ನಸೀಬ."

"ಇಷ್ಟಕ್ಕ ಫಿಕರ್ ಮಾಡಾಕತ್ತೀರಿ? ಲಾರಿ ಟೈರಿಗಿ ಪಂಕ್ಚರ್ ಹಾಕಾಂವ ನಾ. ಕೊಡ್ರಿ ಇಲ್ಲಿ."

"ಬ್ಯಾಡಪಾ, ಅದು ಪುರಾತನ ವಸ್ತು. ಮುಟ್ಟಿದ್ರ ಕೇಸ್ ಆಗ್ತದ."

"ಎಲ್ಲೀ ಪುರಾತನ? ಹೋದ ಬ್ಯಾಸಗ್ಯಾಗ ನಿಮ್ಮ ಕಣ್ಣ ಮುಂದ ಹೊಲಿಸಿದ್ದಲ್ರಿ ಇದು."

ಉತ್ತರ ಹೊಳೆಯುವಷ್ಟರಲ್ಲಿ ಚೀಲ ಗುಂಡಪ್ಪನ ಹೆಗಲ ಮೇಲಿತ್ತು. ಒಳಗೊಂದು, ಹೊರಗೊಂದು ಟ್ಯೂಬಿನ ತುಂಡು ಹಚ್ಚಿ ಅವನು ಅದನ್ನು ಹೊತ್ತು ತಂದಾಗ, ಚೀಲ ಕುಸ್ತಿಯಲ್ಲಿ ಪೆಟ್ಟು ತಿಂದು ಬಂದ ಪೈಲ್ವಾನನಂತೆ ಕಾಣುತ್ತಿತ್ತು. ಆದರೆ ತುಂಬಿದ ತೊಟ್ಟಿಯಲ್ಲಿ ಅದ್ದಿ ಎತ್ತಿದರೆ ಹನಿ ನೀರು ಸೋರಲಿಲ್ಲ.

ಇನ್ನು ಎತ್ತಿಲ್ಲವಲ್ಲ ಎಂದು ವೈಜಿನಾಥ ಸಮಾಧಾನ ಮಾಡಿಕೊಳ್ಳುತ್ತಿದ್ದ. ಆಗ ದನ ಮೇಯಿಸಲು ಹೊರಟ ಧೂಳಮ್ಮ ಗೇಟಿನ ಹತ್ತಿರ ನಿಂತಳು. ಗುಂಡಪ್ಪ ಆಗಲೇ ಊರಿಗೆಲ್ಲ ಸುದ್ದಿ ಮುಟ್ಟಿಸಿದ್ದ.

"ಎತ್ತಿಲ್ಲಂತಲ್ಲ ತಮ್ಮಾ."

"ಇಲ್ಲ ಧೂಳವ್ವ," ಎಂದ ವೈಜಿನಾಥ, ದನಿಯಲ್ಲಿ ದುಃಖ ತುಂಬಿಕೊಂಡು. "ದೇವರ ಮರ್ಜಿ."

"ದೇವರಿಗ್ಯಾಕ ತ್ರಾಸ ಕೊಡ್ತಿ. ನನ್ನ ಕೋಣ ಅದಾವಲ್ಲ."

ಅವಳ ಹಿಂದೆ ಎರಡು ಕೋಣಗಳು ನಿಂತಿದ್ದವು, ಡಾಂಬರು ಬಳಿದ ಗೋಡೆಗಳ ಹಾಗೆ.

"ಮೋಟಕ್ಕ ಎತ್ತೇ ಆಗ್ಬೇಕವ್ವ. ಬೋರ್ಡಿನ ಮ್ಯಾಲ ಎತ್ತಿನ ಚಿತ್ರ ಅದ."

"ಅದಕ್ಕೊಂದಿಷ್ಟು ಕರೇ ಬಣ್ಣ ಹಚ್ಚು."

"ಇವಕ್ಕ ಹಿಂದ ಸರಿಯೂದು ಎಲ್ಲಿ ಗೊತ್ತಿರ್ತದ?"

"ಮುಂದ ಹೋಗ್ರಿ ಅಂತ ಹೇಳಿದ್ರ ದಿನಾ ಹಿಂದೇ ಸರೀತಾವ. ನೀ ಚಿಂತಿ ಬಿಡು," ಎಂದು ಧೂಳಮ್ಮ ನೊಗ ಎತ್ತಿದಳು.

ನೊಗ ಹೂಡುವುದಕ್ಕೂ ಜೀಪು ಬರುವುದಕ್ಕೂ ಸರಿಹೋಯಿತು. ಲತೀಫಾ ಮೇಡಮ್ ಇಳಿದರು. ತೇಪೆಯ ಚೀಲವನ್ನು ನೋಡಿದರು, ಕೋಣಗಳನ್ನು ನೋಡಿದರು, ವೈಜಿನಾಥನನ್ನು ನೋಡಿದರು. "ನಡಸ್ರಿ," ಎಂದರು.

ವೈಜಿನಾಥನಿಗೆ ಉಳಿದದ್ದು ಒಂದೇ ದಾರಿ. ಚೀಲದ ಸೊಂಡಿಲನ್ನು ಮೇಲೆ ಮಡಚಿ ಹಿಡಿಯುವ ಸಣ್ಣ ಹಗ್ಗವೊಂದಿದೆ. ಅದು ಬಿಚ್ಚಿದರೆ ಸೊಂಡಿಲು ಜೋತುಬಿದ್ದು ನೀರೆಲ್ಲ ಬಾವಿಗೇ ಸುರಿದುಹೋಗುತ್ತದೆ, ಚೀಲ ಖಾಲಿ ಮೇಲೆ ಬರುತ್ತದೆ. ಪರೀಕ್ಷಿಸುವವನಂತೆ ಬಗ್ಗಿ ಅವನು ಗಂಟನ್ನು ಎಳೆದ. ಅವಸರದಲ್ಲಿ ಅದು ಅರ್ಧವಷ್ಟೇ ಬಿಚ್ಚಿತು.

ಧೂಳಮ್ಮ ಹೋ ಎಂದಳು. ಕೋಣಗಳು ಇಳಿಜಾರಿನಲ್ಲಿ ಮದುವೆಯ ಹಿರಿಯರಂತೆ ಗಂಭೀರವಾಗಿ ಇಳಿದವು. ಗಾಲಿ ಕಿರುಗುಟ್ಟಿತು. ಮೇಡಮ್ ಮೊಬೈಲು ಹಿಡಿದು ವಿಡಿಯೋ ಮಾಡುತ್ತ ಬಾವಿಯ ಕಟ್ಟೆಗೆ ಬಂದು ನಿಂತರು. ತುಂಬಿದ ಚೀಲ ಮೇಲೆ ಬಂತು. ಸರಿಯಾಗಿ ಆಗಲೇ ಗಂಟಿನ ಉಳಿದರ್ಧ ಬಿಚ್ಚಿತು. ಸೊಂಡಿಲು ಸಿಟ್ಟಿಗೆದ್ದ ಆನೆಯದರಂತೆ ಗರ್ರನೆ ತಿರುಗಿ, ಇದ್ದ ನೀರನ್ನೆಲ್ಲ ಮೇಡಮ್ಮರ ನೆತ್ತಿಯ ಮೇಲೆ ಸುರಿಯಿತು. ನೀರಿನ ಸಪ್ಪಳ ಕೇಳಿದ ಕೋಣಗಳು ನೊಗದ ಸಮೇತ ಹಿಂದೆ ತಿರುಗಿ, ಯಾರನ್ನೂ ಕೇಳದೆ ತೊಟ್ಟಿಯಲ್ಲಿ ಮಲಗಿಬಿಟ್ಟವು. ತೊಟ್ಟಿಯಲ್ಲಿದ್ದ ನೀರು ಎದ್ದು ಮೇಡಮ್ಮರನ್ನು ಇನ್ನೊಂದು ಮಗ್ಗುಲಿನಿಂದ ತೋಯಿಸಿತು.

ವೈಜಿನಾಥನ ಮನಸ್ಸು ಆಗಲೇ ಹುಮನಾಬಾದಿನಲ್ಲಿ ಇಳಿದು ಚಹಾ ಕುಡಿಯುತ್ತಿತ್ತು.

"ತಪ್ಪಾತ್ರಿ ಮೇಡಮ್," ಎಂದ ಕೈಮುಗಿದು. "ಇಂಥಾ ಮ್ಯೂಸಿಯಂ ಇರಲೇಬಾರ್ದ್ರಿ. ಇವತ್ತೇ ಕೀಲಿ ಹಾಕ್ತೀನ್ರಿ."

ಮೇಡಮ್ ಸೆರಗಿನಿಂದ ಕನ್ನಡಕ ಒರೆಸಿಕೊಂಡರು. ಆಮೇಲೆ ನಕ್ಕರು. ನಗುತ್ತ ನಗುತ್ತ ಕಟ್ಟೆಯ ಮೇಲೆ ಕೂತುಬಿಟ್ಟರು.

"ಎಷ್ಟೋ ಮ್ಯೂಸಿಯಂ ನೋಡೀನ್ರಿ. ಎಲ್ಲಾ ಕಡೆ ಗಾಜಿನ ಹಿಂದ ಸಾಮಾನ, ಮುಟ್ಟಬ್ಯಾಡ್ರಿ ಅಂತ ಬೋರ್ಡು. ಸಾಮಾನೇ ಬಂದು ಮನುಷ್ಯಾರನ್ನ ಮುಟ್ಟಿದ್ದು ಇದೇ ಮೊದಲು. ಈ ಬಿಸಲಾಗ ಮಂದಿ ಹೈದರಾಬಾದಿಂದ ಬಸ್ ತುಂಬ್ಕೊಂಡು ಬರ್ತಾರ ನೋಡ್ರಿ. ನಾಳಿಂದ ದಿನಾ ಎರಡೂ ಹೊತ್ತು ನಡೀಲಿ. ಆ ಸಣ್ಣ ಹಗ್ಗ ಹಿಂಗೇ ಸಡ್ಲ ಇರ್ಲಿ. ನೀವು ಇಲ್ಲೇ ಖೋಲಿಯೊಳಗ ಉಳ್ಕೋರಿ, ಹೋಗಿ ಬರೂ ತ್ರಾಸ ಬ್ಯಾಡ."

ವೈಜಿನಾಥ ಮುಗಿದ ಕೈ ಕೆಳಗಿಳಿಸಿದ.

"ಮತ್ತ, ಹುಮನಾಬಾದದಾಗ ನಮ್ಮ ಆಫೀಸ್ ಹಿಂದ ಒಂದು ಹಳೇ ಮೋಟದ ಬಾವಿ ಬಿದ್ದದ. ಅಲ್ಲಿನೂ ಸುರು ಮಾಡೂಣು."

ಅವನಿಗೆ ಹೋದ ಜೀವ ಬಂತು. "ನಾ ಹೋಗ್ತೀನ್ರಿ ಮೇಡಮ್."

"ನೀವು ಹೋದ್ರ ಇಲ್ಲಿ ಯಾರು? ಇಲ್ಲಿ ಪಂಡರಿ ಎತ್ತು ನಡೀಲಿ. ಅಲ್ಲಿಗೆ ಈ ಕೋಣ ಹೋಗ್ತಾವ, ಈ ಅವ್ವನೂ ಹೋಗ್ತಾಳ."

"ಹೋಗ್ತೀನ್ರಿ ಬಾಯಾರ," ಎಂದಳು ಧೂಳಮ್ಮ. "ಖರೆ, ಗುರ್ತಿಲ್ಲದ ಊರಾಗ ಕೋಣ ಎಲ್ಲಿ ಕಟ್ಲಿ?"

ವೈಜಿನಾಥ ಆಕಾಶ ನೋಡತೊಡಗಿದ. ಗುಂಡಪ್ಪ ಮುಂದೆ ಬಂದ. "ನಮ್ಮ ಸಾಹೇಬ್ರ ಮನಿ ಅಲ್ಲೇ ಮಾಣಿಕನಗರದಾಗ ಅದ್ರಿ. ಮುಂದ ದೊಡ್ಡ ಅಂಗಳ, ಬೇವಿನ ನೆರಳು. ನಮ್ಮ ಸಾಹೇಬ್ರು ಒಲ್ಲೆ ಅನ್ನೋ ಪೈಕಿ ಅಲ್ರಿ."

ಹೊತ್ತು ಇಳಿಯುವ ಮೊದಲೇ ಟೆಂಪೋ ಬಂತು. ಕೋಣಗಳು ಹತ್ತಿದವು, ಧೂಳಮ್ಮ ಗಂಟುಮೂಟೆ ಸಮೇತ ಡ್ರೈವರನ ಪಕ್ಕ ಕೂತಳು. ಗುಂಡಪ್ಪ ಎಲ್ಲಿಂದಲೋ ಹಾರ ತಂದು ಎರಡೂ ಕೋಣಗಳ ಕೊರಳಿಗೆ ಹಾಕಿದ. ವೈಜಿನಾಥ ಸಂಗ್ರಹಾಲಯದ ಕೋಣೆಯ ಜೇಡರ ಬಲೆ ಗುಡಿಸಿ ಚಾಪೆ ಹಾಸುತ್ತಿದ್ದಾಗ ಹೆಂಡತಿ ರತ್ನಮಾಲಾಳ ಫೋನು ಬಂತು.

"ಕೋಣ ಮುಟ್ಟಿದ್ವು ನೋಡ್ರಿ," ಎಂದಳು ಹಿಗ್ಗಿನಿಂದ. "ಭಾಳ ಶಾಣ್ಯಾ ಅವ. ಓಣಿ ಮಂದಿಯೆಲ್ಲ ನೋಡಾಕ ಬಂದಾರ. ಸೆಕಿಗಿ ತೇಕಾಕತ್ತಿದ್ವು, ಪಾಪ ಅನಸ್ತು. ನಿಮ್ಮ ಕೂಲರ್ ಅಂಗಳದಾಗ ಇಟ್ಟು ಅವಕ್ಕ ಹಚ್ಚೀನಿ."

"ನಾ ನಾಳೆ ಹ್ಯಾಂಗರ ಮಾಡಿ ಒಂದ್ ಗಳಿಗಿ ಬಂದು ಹೋಗ್ತೀನಿ," ಎಂದ ವೈಜಿನಾಥ ಸೋತ ದನಿಯಲ್ಲಿ.

"ಬರ್ರಿ," ಎಂದಳು ರತ್ನಮಾಲಾ. "ಖರೆ, ಫೋನ್ ಮಾಡಿ ಬರ್ರಿ. ಗುರ್ತಿಲ್ಲದವ್ರು ಒಳಗ ಬಂದ್ರ ಕೊಂಬಿಲೆ ಹಾಯ್ತಾವಂತ."