ಬೇಕರಿ ವೀರಭದ್ರಯ್ಯನ ಮುದ್ದೆ

ಬಾಳ್ಳುಪೇಟೆಯ ಬೇಕರಿ ವೀರಭದ್ರಯ್ಯನಿಗೆ ಸಕ್ಕರೆ ಕಾಯಿಲೆ ಇರುವುದು ಹಾಸನದ ಒಬ್ಬ ಡಾಕ್ಟರಿಗೆ ಮತ್ತು ಅವನಿಗೆ ಮಾತ್ರ ಗೊತ್ತಿತ್ತು. ಸಕಲೇಶಪುರದಲ್ಲೇ ತೋರಿಸಿಕೊಂಡಿದ್ದರೆ ಹತ್ತಿರವಾಗುತ್ತಿತ್ತು. ಆದರೆ ಅಲ್ಲಿ ಯಾವ ಡಾಕ್ಟರ ಬೆಂಚಿನ ಮೇಲೂ ಬಾಳ್ಳುಪೇಟೆಯವರು ಒಬ್ಬರಾದರೂ ಕೂತಿರುತ್ತಾರೆಂದು ಅವನು ಹಾಸನದ ಬಸ್ಸು ಹತ್ತಿದ್ದ.

ಡಾಕ್ಟರು ಬಿಡಿಸಿ ಹೇಳಿದ್ದರು. ರಾಗಿ, ಕಾಳು, ಸೊಪ್ಪು, ತರಕಾರಿ, ತೌಡು ತೆಗೆಯದ ಅಕ್ಕಿ, ಇವನ್ನು ಭೂಮಿ ಕೊಟ್ಟ ಹಾಗೇ ಬೇಯಿಸಿಕೊಂಡು ತಿನ್ನಬೇಕು. ಅವುಗಳ ಸಿಪ್ಪೆಯಲ್ಲಿರುವ ನಾರು ಸಕ್ಕರೆ ಒಮ್ಮೆಲೇ ರಕ್ತಕ್ಕೆ ನುಗ್ಗದ ಹಾಗೆ ತಡೆಯುತ್ತದೆ, ಹೊಟ್ಟೆಯೂ ಬೇಗ ಹಸಿಯುವುದಿಲ್ಲ. ಮೈದಾ, ಸಕ್ಕರೆ, ವನಸ್ಪತಿ ಬಿದ್ದ ಬನ್ನು, ಬಿಸ್ಕತ್ತು, ಕೇಕು, ಪಫ್ಸುಗಳ ಹತ್ತಿರ ಹೋಗಕೂಡದು. ಡಾಕ್ಟರು ತನ್ನ ಅಂಗಡಿಯ ಗಾಜಿನ ಬೀರುವನ್ನು ಮೇಲಿಂದ ಕೆಳಕ್ಕೆ ಓದುತ್ತಿದ್ದಾರೆ ಅನ್ನಿಸಿತು ವೀರಭದ್ರಯ್ಯನಿಗೆ. ಏನು ಕೆಲಸ ಮಾಡ್ತೀರಿ ಎಂದು ಅವರು ಕೇಳಿದಾಗ ವ್ಯವಸಾಯ ಅಂದುಬಿಟ್ಟಿದ್ದ.

ಗುಟ್ಟಿಗೆ ಕಾರಣವಿತ್ತು. ಬೆಳಗ್ಗೆ ಒಲೆಯಿಂದ ಮೊದಲ ತಟ್ಟೆ ಹೊರಬಂದ ಕೂಡಲೇ ವೀರಭದ್ರಯ್ಯ ಅಂಗಡಿಯ ಮೆಟ್ಟಿಲ ಮೇಲೆ ನಿಂತು, ಹೆದ್ದಾರಿಗೆ ಮುಖ ಮಾಡಿ, ಒಂದು ಬನ್ನು ತಿನ್ನುತ್ತಿದ್ದ. ಅದೇ ಅವನ ಬೋರ್ಡು, ಅದೇ ಜಾಹೀರಾತು. ಯಜಮಾನನೇ ತಿಂದ ಮೇಲೆ ಇನ್ನೇನು ಎಂದು ಜನ ಕೊಳ್ಳುತ್ತಿದ್ದರು. ಆ ಯಜಮಾನನಿಗೇ ಬನ್ನು ಆಗಿಬರುವುದಿಲ್ಲವೆಂದು ತಿಳಿದರೆ ಒಲೆ ಆರಿಸಿ ಮನೆಗೆ ಹೋಗುವುದೇ ಸರಿ.

ಹೆಂಡತಿ ಗಂಗಾಮಣಿಗೂ ಅವನು ಹೇಳಿರಲಿಲ್ಲ. ಅವಳು ಬಾಯಿಬಡುಕಿಯಲ್ಲ, ಆದರೆ ಕಷ್ಟವನ್ನು ತಂಗಿಗೆ ಹೇಳದೆ ಇರಲಾರಳು, ತಂಗಿಯನ್ನು ಕೊಟ್ಟಿರುವುದು ಕೆ. ಹೊಸಕೋಟೆಯ ಬಸ್ ಏಜೆಂಟನಿಗೆ. ಒಲೆಯ ಕಾವಿಗೆ ಅನ್ನ ಸೇರುತ್ತಿಲ್ಲ, ಮಧ್ಯಾಹ್ನಕ್ಕೆ ರಾಗಿ ಮುದ್ದೆ, ಬಸ್ಸಾರು, ಹುರುಳಿಕಾಳಿನ ಪಲ್ಯ ಕಟ್ಟಿಕೊಡು ಎಂದಷ್ಟೇ ಹೇಳಿದ್ದ. ಸೋಮವಾರ ಅವಳು ಮೊದಲ ಸಲ ಕ್ಯಾರಿಯರ್ ಕಟ್ಟಿ ಕೊಟ್ಟಳು. ಅವನು ಅದನ್ನು ಚೀಲದಲ್ಲಿ ಮುಚ್ಚಿಕೊಂಡು ಹೋಗಿ ಅಂಗಡಿಯ ಹಿಂದೆ ಮೈದಾ ಮೂಟೆಗಳ ಸಂದಿಯಲ್ಲಿಟ್ಟ.

ಮೊದಲ ತಟ್ಟೆ ಬಂತು. ವೀರಭದ್ರಯ್ಯ ಮೆಟ್ಟಿಲಿಗೆ ಬರಲಿಲ್ಲ.

ಪಕ್ಕದ ಟೈಲರ್ ನಂಜುಂಡಯ್ಯ ಹೊಲಿಗೆ ಮಷಿನ್ನಿಗೆ ಎಣ್ಣೆ ಬಿಡುತ್ತಿದ್ದವನು ತಲೆ ಎತ್ತಿದ. ಊರಿನವರ ಸೊಂಟದ ಅಳತೆಯಂತೆ ಸಮಾಚಾರವೂ ತನ್ನ ಹತ್ತಿರ ಇರಬೇಕೆಂಬುದು ಅವನ ಧೋರಣೆ. ಎದ್ದು ಬಂದು, ಬನ್ನು ಯಾಕೆ ತಿನ್ನಲಿಲ್ಲವೆಂದು ಕೇಳಿದ. ಸೋಮವಾರ ಒಪ್ಪತ್ತು ಹಿಡಿದಿದ್ದೇನೆ, ಊಟ ರಾತ್ರಿಗೇ ಎಂದ ವೀರಭದ್ರಯ್ಯ.

"ಹೋದ್ ಸೋಮವಾರ ಎರಡು ತಿಂದ್ಯಲ್ಲೋ ಮಾರಾಯ."

"ಈ ಸೋಮವಾರದಿಂದ."

ನಂಜುಂಡಯ್ಯ ಮತ್ತೆ ಏನೂ ಕೇಳಲಿಲ್ಲ. ಅವನು ಕೇಳದೆ ಹೋದಾಗಲೇ ಹೆಚ್ಚು ಅಪಾಯ. ಸ್ವಲ್ಪ ಹೊತ್ತಿಗೆ ಎದುರುಗಡೆ ಸೊಪ್ಪು, ಬಾಳೆಹಣ್ಣು ಮಾರುವ ಹುಲಿಯಮ್ಮ ಬಂದು, ಮೈದಾದಲ್ಲಿ ಹುಳ ಬಿದ್ದಿದ್ದರೆ ಜರಡಿ ಹಿಡಿದರಾಯಿತು, ಅದಕ್ಯಾಕೆ ಉಪವಾಸ ಇರಬೇಕು ಎಂದು ಸಮಾಧಾನ ಹೇಳಿ ಹೋದಳು. ಕುಂದೂರಿನಿಂದ ಬಿಸ್ಕತ್ತಿಗೆ ಬಂದಿದ್ದ ರೈತನೊಬ್ಬ ಬೀರುವಿನ ಮುಂದೆ ಬಹಳ ಹೊತ್ತು ನಿಂತಿದ್ದು, ಹಿಟ್ಟಿಗೆ ಬಿದ್ದದ್ದು ಒಂದು ಹಲ್ಲಿಯೋ ಎರಡೋ ಎಂದು ವಿಚಾರಿಸಿ, ಬೆಂಕಿಪೊಟ್ಟಣ ಕೊಂಡು ಹೋದ.

ವೀರಭದ್ರಯ್ಯ ಗಾಬರಿಯಾದ. ಒಲೆಯ ಮುಂದಿದ್ದ ಕೆಲಸಗಾರ ಚಲುವಯ್ಯನನ್ನು ಕರೆದು, ಎಲ್ಲರ ಎದುರು ಒಂದು ಬನ್ನು ತಿಂದು ತೋರಿಸುವಂತೆ ಹೇಳಿದ. ಚಲುವಯ್ಯ ಸುಳ್ಳು ಹೇಳುವವನಲ್ಲ.

"ನಾನು ಬೇಕರೀದು ತಿನ್ನಲ್ಲ ಯಜಮಾನ್ರೇ," ಎಂದ ಗಟ್ಟಿಯಾಗಿ. "ದಿನಾ ಮಾಡೋದ್ನ ನೋಡ್ತೀನಲ್ಲ."

ಬೆಳಗಿನಿಂದ ಸಂಜೆಯವರೆಗೆ ಅದೇ ವಾಸನೆ ಕುಡಿದು ಬೇಸರವಾಗಿದೆ ಎಂಬುದು ಅವನ ಅರ್ಥ. ಜನ ಬೇರೆ ಅರ್ಥ ಮಾಡಿಕೊಂಡರು. ಮಂಗಳೂರಿನ ಬಸ್ಸು ನಿಂತಾಗಲೂ ಇಳಿದವರು ಹುಲಿಯಮ್ಮನ ಜೊತೆ ಎರಡು ಮಾತಾಡಿ ಬಾಳೆಹಣ್ಣು ಕೊಂಡು ಹತ್ತಿದರು. ಬೀರುವಿನ ತುಂಬ ಬನ್ನುಗಳು ಗಂಡು ನೋಡಲು ಬಾರದ ಮನೆಯ ಹೆಣ್ಣುಮಕ್ಕಳ ಹಾಗೆ ಸಾಲಾಗಿ ಕೂತಿದ್ದವು.

ಮಧ್ಯಾಹ್ನದ ಹೊತ್ತಿಗೆ ವೀರಭದ್ರಯ್ಯನಿಗೆ ಹಸಿವು ತಾಳಲಾಗಲಿಲ್ಲ. ಮೂಟೆಗಳ ಸಂದಿಗೆ ಹೋಗಿ ಕುಕ್ಕರಗಾಲಲ್ಲಿ ಕೂತು ಕ್ಯಾರಿಯರ್ ಬಿಚ್ಚಿದ. ಬಸ್ಸಾರಿನ ಬೆಳ್ಳುಳ್ಳಿ ಒಗ್ಗರಣೆಯ ಘಮ ಬೇಕರಿಯ ವೆನಿಲ್ಲಾವನ್ನು ಪಕ್ಕಕ್ಕೆ ತಳ್ಳಿ ಹೆದ್ದಾರಿಗೆ ನಡೆಯಿತು. ಮುದ್ದೆ ಮುರಿಯಬೇಕೆನ್ನುವಷ್ಟರಲ್ಲಿ ಮೂಟೆಯ ಮೇಲೆ ನಂಜುಂಡಯ್ಯನ ಮುಖ ಮೂಡಿತು. ಅದರ ಪಕ್ಕದಲ್ಲಿ ಹುಲಿಯಮ್ಮನ ಮುಖ. ಅವರ ಹಿಂದೆ ಬ್ರೆಡ್ಡಿಗೆಂದು ಬಂದಿದ್ದ ಲಾರಿ ಡ್ರೈವರೊಬ್ಬ.

"ಒಪ್ಪತ್ತು ಜೋರಾಗೈತೆ," ಎಂದ ನಂಜುಂಡಯ್ಯ.

ವೀರಭದ್ರಯ್ಯನಿಗೆ ಬಾಯಿಗೆ ಬಂದದ್ದು ಒಂದೇ ಮಾತು. "ಇದು ನಂಗಲ್ಲ. ಮಾರೋಕೆ. ಹೊಸ ಐಟಂ."

ಡ್ರೈವರು ಬ್ರೆಡ್ಡಿನ ಮಾತೇ ಬಿಟ್ಟು, ಮೈದಾ ಮೂಟೆಯ ಮೇಲೆ ಕೂತು ಕೈ ಚಾಚಿದ. ಸತ್ಯ ಹೇಳಬೇಕು, ಇಲ್ಲವೇ ಮುದ್ದೆ ಕೊಡಬೇಕು. ವೀರಭದ್ರಯ್ಯ ಮುದ್ದೆ ಕೊಟ್ಟ. ಡ್ರೈವರು ತಟ್ಟೆ ಒರೆಸಿ ತಿಂದು, ತನಗೆ ಶುಗರ್ ಇರುವುದಾಗಿಯೂ, ಮಂಗಳೂರಿನಿಂದ ಇಲ್ಲಿಯವರೆಗೆ ಬಾಯಿಗಿಡುವ ಪದಾರ್ಥ ಸಿಕ್ಕಿರಲಿಲ್ಲವೆಂದೂ ಹೇಳಿ, ರಸ್ತೆಗೆ ಹೋಗಿ ಹಿಂದೆ ಬರುತ್ತಿದ್ದ ಲಾರಿಗಳನ್ನು ಕೈ ಅಡ್ಡ ಹಿಡಿದು ನಿಲ್ಲಿಸತೊಡಗಿದ. ಇನ್ನೂ ಇದೆಯೇ ಎಂದು ಎಲ್ಲರೂ ಕೇಳುವವರೇ. ವೀರಭದ್ರಯ್ಯ ಚಲುವಯ್ಯನನ್ನು ಸೈಕಲ್ ಹತ್ತಿಸಿ ಮನೆಗೆ ಓಡಿಸಿದ. ಎಲ್ಲವನ್ನೂ ವಿವರಿಸುವ ಪುರುಸೊತ್ತಿಲ್ಲದೆ, ಯಜಮಾನ್ರಿಗೆ ಇನ್ನಷ್ಟು ಮುದ್ದೆ ಬೇಕಂತೆ ಎನ್ನು ಸಾಕು ಎಂದ.

ಮೊದಲ ಸಲ ಕೇಳಿದಾಗ ಗಂಗಾಮಣಿಗೆ ಸಂತೋಷವಾಯಿತು. ಎರಡನೆಯ ಸಲ ಹೆಮ್ಮೆಯಾಯಿತು. ಮೂರನೆಯ ಸಲ ದೊಡ್ಡ ಪಾತ್ರೆ ಇಟ್ಟು ಮುದ್ದೆ ತಿರುವುತ್ತಲೇ, ಅವರು ಕೂತಿದ್ದಾರೋ ಮಲಗಿದ್ದಾರೋ ಎಂದು ಚಲುವಯ್ಯನನ್ನು ಕೇಳಿದಳು.

ಇತ್ತ ಮೂಟೆಗಳ ಮೇಲೆ ನಂಜುಂಡಯ್ಯ ಎರಡನೆಯ ಮುದ್ದೆಗೆ ಕೂತಿದ್ದ. ಕಾಳು ಪಲ್ಯ ಅಗಿಯುತ್ತ ಅವನ ದನಿ ಮೆತ್ತಗಾಯಿತು.

"ನಿನ್ ಹತ್ರ ಮುಚ್ಚಿಟ್ಟಿದ್ದೆ ವೀರಭದ್ರ. ನಂಗೂ ಶುಗರ್ ಕಣೋ. ದಿನಾ ನಿನ್ನಿಂದ ಕೊಂಡ್ಕೊಂಡ್ ಹೋಗಿದ್ ಬನ್ನೆಲ್ಲ ನಾಯಿಗೆ ಹಾಕ್ತಿದ್ದೆ. ಹೇಳುದ್ರೆ ನಿಂಗ್ ಬೇಜಾರಾಗ್ತದೆ ಅಂತ."

ಹುಲಿಯಮ್ಮ ತನಗೆ ಬಿ.ಪಿ. ಎಂದಳು. ಅಂಚೆ ಕಚೇರಿಯ ಸೋಮಯ್ಯ ತನಗೆ ಎರಡೂ ಎಂದ. ಒಬ್ಬರ ಬಾಯಿ ನೋಡಿ ಒಬ್ಬರು ಹೇಳಿಕೊಂಡರು. ಎಲ್ಲರಿಗೂ ಡಾಕ್ಟರು ಹೇಳಿದ್ದು ಒಂದೇ ಮಾತು, ಸೊಪ್ಪು, ಕಾಳು, ರಾಗಿ. ವೀರಭದ್ರಯ್ಯನ ಎದೆ ತುಂಬಿ ಬಂತು. ಇಷ್ಟು ದಿನ ಒಬ್ಬನೇ ಹೊತ್ತು ತಿರುಗಿದ್ದನ್ನು ಇವರ ನಡುವೆ ಇಳಿಸಿಬಿಡೋಣವೆಂದು ಬಾಯಿ ತೆರೆದ.

ನಂಜುಂಡಯ್ಯ ಅವನ ಬೆನ್ನು ತಟ್ಟಿ ಬೀದಿಯ ಕಡೆ ತಿರುಗಿಸಿದ. "ಬೆಳಗ್ಗೆ ನಾನು ತಪ್ಪು ತಿಳ್ಕೊಂಡೆ ಕಣ್ರಪ್ಪ. ಹಲ್ಲೀನೂ ಇಲ್ಲ, ಹುಳಾನೂ ಇಲ್ಲ. ಹೊಸ ಐಟಂ ಯೋಚ್ನೇಲಿ ಇವ್ನು ಬನ್ ತಿನ್ನೋದ್ ಮರ್ತವ್ನೆ. ಇಷ್ಟು ವರ್ಷ ದಿನಾ ಬನ್ ತಿಂದೂ ಈ ಊರಲ್ಲಿ ಕಾಯ್ಲೆ ಇಲ್ದೆ ಇರೋನು ಇವ್ನೊಬ್ನೇ ನೋಡ್ಕಳಿ."

ಜನ ನೋಡಿಕೊಂಡರು. ಕಾಯಿಲೆ ಇಲ್ಲದವರು, ಇದೆಯೆಂದು ಗೊತ್ತಿಲ್ಲದವರು ಬೀರುವಿನ ಕಡೆ ಸರಿದರು. ಯಾರೋ ಅವನ ಕೈಗೆ ಬನ್ನಿಟ್ಟರು. ತೆರೆದ ಬಾಯಿ ತೆರೆದೇ ಇತ್ತು. ವೀರಭದ್ರಯ್ಯ ಬನ್ನು ಕಚ್ಚಿದ. ದೂರ ನಿಂತವರಿಗೆ ಕಾಣಲಿಲ್ಲವೆಂದು ಇನ್ನೊಂದು ತಿನ್ನಬೇಕಾಯಿತು. ಹಸಿವೂ ಇತ್ತು, ಅದು ಬೇರೆ ಮಾತು.

ನಾಲ್ಕನೆಯ ಸಲ ಚಲುವಯ್ಯನ ಸೈಕಲ್ಲಿನ ಹಿಂದೆ ಗಂಗಾಮಣಿಯೇ ಓಡೋಡಿ ಬಂದಳು. ಒಂದು ಕೈಯಲ್ಲಿ ಓಂಕಾಳಿನ ಕಷಾಯದ ಚೊಂಬು, ಕಣ್ಣಲ್ಲಿ ನೀರು. ಗಂಡ ಹೊಟ್ಟೆ ಉಬ್ಬರಿಸಿ ನೆಲದ ಮೇಲೆ ಬಿದ್ದಿರುತ್ತಾನೆಂದು ಬಂದವಳಿಗೆ ಕಂಡದ್ದು, ತನ್ನ ಕೈಯ ಮುದ್ದೆಗೆ ತಟ್ಟೆ ಹಿಡಿದು ನಿಂತ ಗಂಡಸರ ಸಾಲು. ಸಾಲಿನಲ್ಲಿದ್ದವರೊಬ್ಬರು, ಇಂಥ ಬಸ್ಸಾರು ನಮ್ಮವ್ವ ಹೋದ ಮೇಲೆ ತಿಂದಿರಲಿಲ್ಲ ತಾಯಿ ಅಂದರು. ಅವಳು ಚೊಂಬು ಕೆಳಗಿಟ್ಟು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವಳ ಅಡಿಗೆಗೆ ಮನೆಯಲ್ಲಿ ಸಿಕ್ಕಿದ್ದ ಮೆಚ್ಚುಗೆ ಎಂದರೆ ತೇಗು ಮಾತ್ರ.

ಸಂಜೆಯೊಳಗೆ ಎಲ್ಲ ತೀರ್ಮಾನವಾಗಿತ್ತು. ಮೈದಾ ಮೂಟೆಗಳು ಹೊರಗೆ ಹೋಗಿ ಅಲ್ಲಿ ಬೆಂಚು ಬರುವುದು. ದಿನಾ ಮಧ್ಯಾಹ್ನ ಗಂಗಾಮಣಿ ಇಲ್ಲೇ ಒಲೆ ಹೂಡುವುದು. ವೀರಭದ್ರಯ್ಯ ಮುಂದುಗಡೆ ನಿಂತು ಬನ್ನು ನೋಡಿಕೊಳ್ಳುವುದು. ಅವನನ್ನು ಯಾರೂ ಕೇಳಲಿಲ್ಲ.

ಎಲ್ಲರೂ ಹೋದ ಮೇಲೆ ಅವನು ಪಾತ್ರೆಯ ಹತ್ತಿರ ಬಂದು ಬಗ್ಗಿ ನೋಡಿದ. ತಳದಲ್ಲಿ ಒಂದು ಮುದ್ದೆ ಉಳಿದಿತ್ತು.

"ಗಂಗಾ, ಅದನ್ನ ನಂಗಿಟ್ಟಿರು," ಎಂದ ಮೆಲ್ಲಗೆ. "ನಾಳೆಯಿಂದ್ಲೂ ಒಂದ್ ಎತ್ತಿಟ್ಟಿರು."

"ಅದು ನಂಜುಂಡಯ್ಯನೋರು ರಾತ್ರಿಗೆ ಹೇಳ್ಹೋಗವ್ರೆ. ಪಾಪ, ಶುಗರ್ ಅಂತೆ," ಎಂದಳು ಗಂಗಾಮಣಿ. "ಮಾರೋದ್ನ ಮನೆಯೋರೇ ತಿಂದ್ರೆ ಯಾಪಾರ ಆಯ್ತದ? ಕಾಯ್ಲೆ ಇರೋರು ತಿನ್ಲಿ ಬಿಡಿ. ನಿಮಗೇನಾಗೈತೆ ಗುಂಡುಕಲ್ಲಂಗೆ."

ಆದರೆ ಗಂಡನ ಮುಖ ಬಾಡಿದ್ದು ಕಂಡು ಅವಳಿಗೆ ಕರುಳು ಚುರುಕ್ಕೆಂದಿತು. ಎದ್ದು ಹೋಗಿ ಬೀರುವಿನ ಬಾಗಿಲು ತೆಗೆದು, ಹುಡುಕಿ ಹುಡುಕಿ, ಕ್ರೀಮು ಹೆಚ್ಚಾಗಿ ತುಂಬಿದ್ದ ಬನ್ನನ್ನೇ ಆರಿಸಿ ತಂದು ಅವನ ಕೈಗಿಟ್ಟಳು.